ವೈರ್ ತುಂಡಿನಲ್ಲಿ ಹಸಿರು ಜ್ವಾಲೆ ಕಂಡರೆ

ಮನೆ ಕಟ್ಟಿಸುವವರು ಟೈಲ್ಸ್ ಬಣ್ಣಕ್ಕಾಗಿ ನಾಲ್ಕು ಅಂಗಡಿ ಅಲೆಯುತ್ತಾರೆ. ವೈರ್ ವಿಷಯದಲ್ಲಿ ಮಾತ್ರ ಎಲೆಕ್ಟ್ರಿಷಿಯನ್ ತಂದದ್ದೇ ಪ್ರಸಾದ. ಗೋಡೆಯೊಳಗೆ ಸೇರಿ ಪ್ಲಾಸ್ಟರ್ ಬೀಳುವ ಮುನ್ನ ಆ ಸುರುಳಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ.

ಮೊದಲು ಹೊದಿಕೆಯ ಮೇಲಿನ ಅಕ್ಷರ ಓದಿ. ಐಎಸ್ (ಭಾರತೀಯ ಮಾನಕ) 694 ಎಂದಿದ್ದರೆ ಅದು ಪಿವಿಸಿ ಹೊದಿಕೆ. ಐಎಸ್ 17048 ಎಂದಿದ್ದರೆ ಕ್ಲೋರಿನ್, ಬ್ರೋಮಿನ್‌ಗಳಂಥ ಹ್ಯಾಲೋಜನ್ ಇಲ್ಲದ ಬಗೆ. ಎಫ್‌ಆರ್ ಎಂಬ ಗುರುತು ಬೆಂಕಿ ಹರಡುವುದನ್ನು ತಡೆಯುತ್ತದೆ ಎಂದಷ್ಟೇ ಹೇಳುತ್ತದೆ, ಸುಡುವುದೇ ಇಲ್ಲ ಎಂದಲ್ಲ. ಎಫ್‌ಆರ್‌ಎಲ್‌ಎಸ್ ಆದರೆ ಹೊಗೆಯೂ ಆಮ್ಲದ ಅನಿಲವೂ ಕಡಿಮೆ.

ಅಕ್ಷರ ನಂಬದವರಿಗೆ ಒಂದು ಹಳೆಯ ಪರೀಕ್ಷೆ ಇದೆ. ರಷ್ಯಾದ ರಸಾಯನ ವಿಜ್ಞಾನಿ ಬೈಲ್‌ಸ್ಟೈನ್ 1872ರಲ್ಲಿ ವಿವರಿಸಿದ್ದು. ಬಯಲಿನಲ್ಲಿ, ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಕೊಟ್ಟು ನಿಲ್ಲಿ, ಮಕ್ಕಳು ದೂರವಿರಲಿ. ಬರಿಯ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಜ್ವಾಲೆಗೆ ಬಣ್ಣ ಬರುವುದು ನಿಲ್ಲುವವರೆಗೆ ಕಾಯಿಸಿ. ಕೆಂಪಗಾದ ತುದಿಯನ್ನು ಹೊದಿಕೆಗೆ ಮುಟ್ಟಿಸಿದರೆ ಸಾಸಿವೆ ಕಾಳಿನಷ್ಟು ಅಂಟಿಕೊಳ್ಳುತ್ತದೆ. ಅಷ್ಟೇ ಸಾಕು, ಹೆಚ್ಚು ಬೇಡ. ಮತ್ತೆ ಜ್ವಾಲೆಗೆ ಹಿಡಿಯಿರಿ. ಮೊದಲು ಹಳದಿಯಾಗಿ ಹೊಗೆಯಾಡಿ, ಬಳಿಕ ಅಂಚಿನಲ್ಲಿ ಎಳೆ ಹಸಿರು ಮಿಂಚಿದರೆ ಹ್ಯಾಲೋಜನ್ ಇದೆ. ಆ ಹೊಗೆಯನ್ನು ಮೂಸಬೇಡಿ.

ಈ ಹಸಿರು ತಾಮ್ರದ ಕ್ಲೋರೈಡ್ ಆವಿಯದು. ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು ಶೇ 57 ಕ್ಲೋರಿನ್ನೇ. ಆದ್ದರಿಂದಲೇ ನೀರಿನ ಪಿವಿಸಿ ಪೈಪ್ ಬೆಂಕಿಯಿಂದ ಹೊರತೆಗೆದೊಡನೆ ತಾನಾಗಿ ಆರುತ್ತದೆ. ಆದರೆ ವೈರ್ ಬಾಗಬೇಕಲ್ಲ? ಮೆತ್ತಗಾಗಿಸಲು ಸೇರಿಸುವ ಎಣ್ಣೆಯಂಥ ದ್ರವ ಚೆನ್ನಾಗಿ ಉರಿಯುವ ಪದಾರ್ಥ. ಕಳೆದುಕೊಂಡ ಗುಣವನ್ನು ಮರಳಿ ತರಲು ಆಂಟಿಮನಿ ಟ್ರೈಆಕ್ಸೈಡ್ ಬೆರೆಸುತ್ತಾರೆ. ಬಿಸಿಗೆ ಹೊರಡುವ ಹೈಡ್ರೋಜನ್ ಕ್ಲೋರೈಡ್ ಜೊತೆ ಅದು ಕೂಡಿ ಆಂಟಿಮನಿ ಕ್ಲೋರೈಡ್ ಆವಿಯಾಗಿ ಜ್ವಾಲೆಯೊಳಗೇ ಏರುತ್ತದೆ. ಉರಿಯನ್ನು ಮುಂದುವರಿಸುವ ಹೈಡ್ರೋಜನ್, ಹೈಡ್ರಾಕ್ಸಿಲ್ ಚೂರುಗಳನ್ನು ಅಲ್ಲೇ ಹಿಡಿದುಹಾಕುತ್ತದೆ. ಬೆಂಕಿ ಕುಗ್ಗುತ್ತದೆ, ಉಸಿರು ಕಟ್ಟಿಸುವ ಆಮ್ಲದ ಹೊಗೆ ಉಳಿಯುತ್ತದೆ. ನನ್ನ ತಕರಾರು ಇರುವುದು ಇಲ್ಲೇ: ಬೆಂಕಿ ಅವಘಡಗಳಲ್ಲಿ ಜೀವ ತೆಗೆಯುವುದು ಬಹಳ ಸಲ ಹೊಗೆ.

ಹಸಿರು ಬರದ ವೈರ್‌ನ ರಸಾಯನ ಬೇರೆ. ಪಾಲಿಥಿಲೀನ್ ಬಗೆಯ ಪ್ಲಾಸ್ಟಿಕ್‌ಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ ತುಂಬಿರುತ್ತಾರೆ; ತೂಕದಲ್ಲಿ ಅರ್ಧಕ್ಕೂ ಹೆಚ್ಚು ಈ ಪುಡಿಯೇ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಅದು ಒಡೆಯತೊಡಗುತ್ತದೆ, 100 ಗ್ರಾಂ ಪುಡಿಯಿಂದ ಸುಮಾರು 35 ಗ್ರಾಂ ನೀರಾವಿ ಹೊರಬರುತ್ತದೆ. ಒಡೆಯಲು ಬೇಕಾದ ಶಾಖವನ್ನು ಬೆಂಕಿಯಿಂದಲೇ ಕಸಿಯುತ್ತದೆ. ಹಿಂದೆ ಉಳಿದ ಅಲ್ಯೂಮಿನಾ ಬೂದಿಯಂತೆ ಮುಚ್ಚಿಕೊಳ್ಳುತ್ತದೆ.

ಇನ್ನು ಅಂಗಡಿಯಲ್ಲಿ ಆಕ್ಸಿಜನ್ ಸೂಚ್ಯಂಕ ಕೇಳಿ. ಪದಾರ್ಥ ಉರಿಯುತ್ತಲೇ ಇರಲು ಸುತ್ತ ಕನಿಷ್ಠ ಶೇಕಡ ಎಷ್ಟು ಆಕ್ಸಿಜನ್ ಬೇಕು ಎಂಬ ಅಂಕಿ ಅದು. ಗಾಳಿಯಲ್ಲಿ ಆಕ್ಸಿಜನ್ ಶೇ 21. ಬರಿಯ ಪಾಲಿಥಿಲೀನ್ ಶೇ 18ರ ಆಸುಪಾಸಿನಲ್ಲೇ ಉರಿಯುತ್ತಿರಬಲ್ಲದು. ಎಫ್‌ಆರ್ ಹೊದಿಕೆಗೆ ಕನಿಷ್ಠ 29 ಇರಬೇಕು. ಎಫ್‌ಆರ್‌ಎಲ್‌ಎಸ್‌ಗೆ ಇದರ ಜೊತೆ ಆಮ್ಲ ಅನಿಲ ಶೇ 20 ಮೀರಬಾರದು. ತೆರೆದ ಅಂಗಳದ ಒಂಟಿ ಮನೆಗೆ ಎಫ್‌ಆರ್ ನಡೆಯುತ್ತದೆ. ಒಂದೇ ಮೆಟ್ಟಿಲಿನಲ್ಲಿ ಎಲ್ಲರೂ ಇಳಿಯಬೇಕಾದ ಅಪಾರ್ಟ್‌ಮೆಂಟ್, ವೃದ್ಧರಿರುವ ಮನೆ, ಕ್ಲಿನಿಕ್ ಆದರೆ ಹ್ಯಾಲೋಜನ್ ಇಲ್ಲದ್ದಕ್ಕೆ ಹೆಚ್ಚು ಕಾಸು ಕೊಡಿ.

ಹಳೆಯ ಟಿವಿಯ ಹಿಂಬದಿಯ ಕವಚದಲ್ಲೂ ಹಸಿರು ಬರಬಹುದು, ಅದು ಬೆರೆಸಿದ ಬ್ರೋಮಿನ್‌ನದು. ಅದನ್ನು ಸುಟ್ಟು ನೋಡಲು ಹೋಗಬೇಡಿ. ಅಂಥ ಕವಚಗಳಲ್ಲಿ ಬಳಸುತ್ತಿದ್ದ ಡೆಕಾಬ್ರೋಮೋಡೈಫಿನೈಲ್ ಈಥರ್ 2017ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿ ಸೇರಿತು.

ಕೆಲಸ ಮುಗಿದ ಮೇಲೆ ಉಳಿದ ವೈರ್ ತುಂಡುಗಳನ್ನು ತಾಮ್ರಕ್ಕಾಗಿ ಸುಡಲು ಬಿಡಬೇಡಿ. ಹೊದಿಕೆಯನ್ನು ಚಾಕುವಿನಿಂದ ಸುಲಿಸಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.