ನಾಯಿಯ ಉಸಿರಾಟ ಪರೀಕ್ಷಿಸುವುದು: ಎಣಿಕೆಯೊಂದೇ ಸಾಲದು

ಉಸಿರಾಟದ ತೊಂದರೆಯಿರುವ ನಾಯಿಯ ಉಸಿರನ್ನು ಎಣಿಸಿ, ನಿಮಿಷಕ್ಕೆ 30ರೊಳಗಿದೆ ಎಂದು ನಿಶ್ಚಿಂತರಾಗುವವರು ಬಹಳ ಮಂದಿ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಎಣಿಕೆ ಏರುವುದು ನಿಜ. ಆದರೆ ಮೂಗಿನಲ್ಲೋ ಗಂಟಲಲ್ಲೋ ದಾರಿ ಕಟ್ಟಿಕೊಂಡ ನಾಯಿ ಒಂದೊಂದು ಉಸಿರನ್ನೂ ನಿಧಾನವಾಗಿ, ಕಷ್ಟಪಟ್ಟು ಎಳೆದುಕೊಳ್ಳುತ್ತದೆ. ಎಣಿಕೆ 20 ಇದ್ದಾಗಲೂ ಅದು ಒದ್ದಾಡುತ್ತಿರಬಹುದು. ಆದ್ದರಿಂದ ಎಣಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ಎಣಿಸಬೇಕಾದ್ದು ಗಾಢ ನಿದ್ದೆಯಲ್ಲಿ. ಎದೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ 60 ಸೆಕೆಂಡು ಎಣಿಸುವುದೇ ವಾಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ತಪ್ಪು ನಾಲ್ಕಾಗುತ್ತದೆ. ಪಾದ, ರೆಪ್ಪೆ ಅದುರುತ್ತಿದ್ದರೆ ನಾಯಿ ಕನಸು ಕಾಣುತ್ತಿದೆ, ಆಗ ಉಸಿರು ಏರುಪೇರಾಗುತ್ತದೆ, ಅದು ಮುಗಿಯಲಿ. ನಾಲಿಗೆ ಚಾಚಿ ತೇಕುವಾಗಿನ ಎಣಿಕೆಗೆ ಬೆಲೆಯಿಲ್ಲ. ನಾಲ್ಕೈದು ದಿನ ಬರೆದಿಟ್ಟರೆ ನಿಮ್ಮ ನಾಯಿಯ ಮಾಮೂಲಿ ಲೆಕ್ಕ ಸಿಗುತ್ತದೆ. ನಿದ್ದೆಯಲ್ಲೂ ಅದು ಮತ್ತೆಮತ್ತೆ 30 ದಾಟಿದರೆ ವೈದ್ಯರಿಗೆ ತಿಳಿಸಿ.

ಇನ್ನು ಶ್ರಮ. ನಾಯಿಯ ಪಕ್ಕದಲ್ಲಿ ಕೂತು, ಎಳೆಯುವ ಉಸಿರು ಉದ್ದವೋ ಬಿಡುವ ಉಸಿರು ಉದ್ದವೋ ನೋಡಿ. ಇಷ್ಟರಿಂದಲೇ ಅಡ್ಡಿ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ. ಎಳೆಯುವಾಗ ಕಷ್ಟವಾದರೆ ಅಡ್ಡಿ ಎದೆಗೂಡಿನ ಹೊರಗೆ: ಮೂಗು, ಗಂಟಲು, ಧ್ವನಿಪೆಟ್ಟಿಗೆ, ಕತ್ತಿನ ಭಾಗದ ಶ್ವಾಸನಾಳ. ಬಿಡುವಾಗ ಹೊಟ್ಟೆ ಒತ್ತಿ ನೂಕುತ್ತಿದ್ದರೆ ಎದೆಯೊಳಗಿನ ನಾಳಗಳ ಮೇಲೆ ಅನುಮಾನ. ಉಸಿರೆಳೆದಾಗ ಮೂಗಿನ ಹೊಳ್ಳೆ ಒಳಗೆ ಅಂಟಿಕೊಳ್ಳುವುದು, ಮೊಣಕೈ ಅಗಲಿಸಿ ಕತ್ತು ಚಾಚಿ ನಿಲ್ಲುವುದು, ಹೊಟ್ಟೆ ಉಬ್ಬುವಾಗ ಎದೆ ಕುಸಿಯುವುದು, ಇವು ಯಾವ ಸಂಖ್ಯೆಗಿಂತಲೂ ಹೆಚ್ಚು ಹೇಳುತ್ತವೆ.

ಸದ್ದನ್ನೂ ಬೇರ್ಪಡಿಸಿ ಕೇಳಿ. ಗೊರಕೆಯಂಥ ದಪ್ಪ ಸದ್ದು ಮೂಗು, ಅಂಗುಳಿನ ಕಡೆಯದು. ಬಾಯಿ ತೆರೆದಾಗ ನಿಂತುಹೋದರೆ ಮೂಗಿನದ್ದೇ ಇರಬೇಕು. ಸಿಳ್ಳೆಯಂಥ ತೆಳು ಸದ್ದು ಸಾಮಾನ್ಯವಾಗಿ ಧ್ವನಿಪೆಟ್ಟಿಗೆಯದು. ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳುವ ದನಿ ಬದಲಾಗಿ ಈ ಸಿಳ್ಳೆಯೂ ಸೇರಿಕೊಂಡರೆ ತಡಮಾಡಬೇಡಿ. ಬಾತುಕೋಳಿ ಕೂಗಿದಂಥ ಕೆಮ್ಮು ಶ್ವಾಸನಾಳ ಕುಸಿಯುವುದರ ಗುರುತು.

ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪರೀಕ್ಷೆಯೊಂದಿದೆ. ವೈದ್ಯರು ಮೊದಲು ಧ್ವನಿಪೆಟ್ಟಿಗೆಯ ಪಕ್ಕಕ್ಕೆ ಸ್ಟೆತಸ್ಕೋಪ್ ಹಗುರವಾಗಿಟ್ಟು ಕೇಳುತ್ತಾರೆ. ಒತ್ತಿ ಹಿಡಿದರೆ ಒತ್ತಡದಿಂದಲೇ ಸದ್ದು ಹುಟ್ಟುತ್ತದೆ. ಆಮೇಲೆ ಮೂರು ನಿಮಿಷ ಬಿರುಸಿನ ನಡಿಗೆ, ಗಂಟೆಗೆ ಸುಮಾರು 6ರಿಂದ 8 ಕಿಲೋಮೀಟರ್ ವೇಗದಲ್ಲಿ. ನಿಂತ ಕೂಡಲೇ ಮತ್ತೆ ಕೇಳಿ, 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. 3 ಎಂದರೆ ತೀವ್ರ. ವಿಶ್ರಾಂತಿಯಲ್ಲಿ ಸುಮ್ಮನಿದ್ದ ನಾಯಿ ನಡೆದ ಮೇಲೆ ಗೊರಗುಡುವುದುಂಟು, ಅದಕ್ಕೇ ಎರಡು ಸಲ ಕೇಳುವುದು. ಕೊರಳಪಟ್ಟಿ ಬೇಡ, ಎದೆಗೆ ಕಟ್ಟುವ ಹಾರ್ನೆಸ್ ಇರಲಿ. ಕಾಲುನೋವಿನ ನಾಯಿ ನಡುವೆ ನಿಂತರೆ ಅದನ್ನು ಉಸಿರಿನ ಲೆಕ್ಕಕ್ಕೆ ಸೇರಿಸಬಾರದು. ಕೂತಲ್ಲೇ ಏದುಸಿರು ಬಿಡುವ ನಾಯಿಯನ್ನು ನಡೆಸಲೇಬೇಡಿ. ಬಿಸಿಲಿನಲ್ಲಿ, ಊಟವಾದ ತಕ್ಷಣವೂ ಬೇಡ.

ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇಕಡಾ 95ಕ್ಕಿಂತ ಮೇಲಿರಬೇಕು. ಮನುಷ್ಯರ ಬೆರಳಿಗೆ ಹಾಕುವ ಕ್ಲಿಪ್ ನಾಯಿಯ ಕೂದಲು, ಕಪ್ಪು ಚರ್ಮ, ಅಲುಗಾಟಕ್ಕೆ ಸುಳ್ಳು ಅಂಕಿ ತೋರಿಸುತ್ತದೆ, ನಂಬಬೇಡಿ. ಅಂಕಿ ಸರಿಯಿದ್ದರೂ ಶ್ರಮ ಹೆಚ್ಚಿದ್ದರೆ ಶ್ರಮವನ್ನೇ ನಂಬಿ. ನಾಲಿಗೆ, ಒಸಡು ನೀಲಿಗಟ್ಟುವುದು ಕೊನೆಯ ಹಂತದ ಲಕ್ಷಣ. ಒಸಡು ಹುಟ್ಟಾ ಕಪ್ಪಗಿದ್ದರೆ ಕೆಳರೆಪ್ಪೆಯ ಒಳಭಾಗ ನೋಡಿ. ನೀಲಿ ಕಂಡರೆ ಬಾಯಿ ಬಿಡಿಸಿ ನೋಡುತ್ತಾ ಕೂರದೆ, ತಂಪಾಗಿಟ್ಟು ನೇರ ಆಸ್ಪತ್ರೆಗೆ ಒಯ್ಯಿರಿ.

ಆಸ್ಪತ್ರೆಗೆ ಬಂದ ನಾಯಿ ಗಾಬರಿಯಿಂದ ತೇಕುತ್ತದೆ, ಮನೆಯಲ್ಲಿ ಕೇಳಿದ ಸದ್ದು ಅಲ್ಲಿ ಕೇಳಿಸುವುದಿಲ್ಲ. ಹಾಗಾಗಿ ಎರಡು ವಿಡಿಯೊ ಜೊತೆಗಿರಲಿ: ನಿದ್ದೆಯದೊಂದು, ನಡೆದು ಬಂದ ತಕ್ಷಣದ್ದೊಂದು. ಪಕ್ಕದಿಂದ, ಮೂತಿ ಮತ್ತು ಹೊಟ್ಟೆ ಎರಡೂ ಕಾಣುವಂತೆ, ಟಿವಿ ಫ್ಯಾನ್ ಆರಿಸಿ ತೆಗೆಯಿರಿ.