ಕರುಳಿನ ಆಪರೇಷನ್ ನಂತರ ನನ್ನ ಊಟ, ನನ್ನ ಹೊಟ್ಟೆ

ನನಗೆ ತೆಗೆದದ್ದು ದೊಡ್ಡ ಕರುಳಿನ ಬಲಭಾಗ, ಜೊತೆಗೆ ಸಣ್ಣ ಕರುಳಿನ ತುದಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಡಭಾಗ ತೆಗೆಸಿಕೊಂಡವರ ಅನುಭವ ಬೇರೆಯೇ ಇರುತ್ತದೆ. ಯಾರದೋ ಪಥ್ಯ ನೋಡಿ ಸುಮ್ನೆ ಹಾಗೇ ಮಾಡಲು ಹೋಗಬೇಡಿ.

ಆಪರೇಷನ್ ಆದ ಮೇಲೆ ಸಣ್ಣ ಕರುಳು ಬೇಗ ಕೆಲಸ ಶುರು ಮಾಡುತ್ತದೆ. ದೊಡ್ಡದಕ್ಕೆ 2-3 ದಿನ ಬೇಕು. ನರ್ಸ್ ಬಂದಾಗಲೆಲ್ಲ ಒಂದೇ ಪ್ರಶ್ನೆ, "ಗ್ಯಾಸ್ ಹೋಯ್ತಾ?" ನಾಚಿಕೆಯಾಗುತ್ತದೆ, ಆದರೆ ಎಲ್ಲರೂ ಕಾಯುವುದು ಅದಕ್ಕೇ. ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಓಡಾಡಿದೆ, ಡಾಕ್ಟರ್ ಒಪ್ಪಿದ ಮೇಲೆ ಚೂಯಿಂಗ್ ಗಮ್ ಜಗಿದೆ. ಬಾಯಿ ಆಡಿದರೆ ಊಟ ಬರುತ್ತಿದೆ ಅಂದುಕೊಂಡು ಕರುಳು ಎಚ್ಚರವಾಗುತ್ತದಂತೆ. ಗ್ಯಾಸೂ ಇಲ್ಲ, ಹೊಟ್ಟೆ ಉಬ್ಬಿ ವಾಂತಿ ಬೇರೆ ಅಂದರೆ ಮಾತ್ರ ಕಾಯಬಾರದು, ತಕ್ಷಣ ಹೇಳಬೇಕು.

ಮನೆಗೆ ಬಂದ ಮೇಲೆ 4-6 ವಾರ ನಾರು ಕಡಿಮೆ ಇರುವ ಊಟ. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆ, ಬಾಳೆಹಣ್ಣು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ. ಸಿಪ್ಪೆ, ಬೀಜ, ಹಸಿ ತರಕಾರಿ ಬೇಡ ಅಂದಿದ್ದರು. ಕರುಳು ಜೋಡಿಸಿದ ಜಾಗ ಊದಿಕೊಂಡು ಕಿರಿದಾಗಿರುತ್ತದೆ, ಅಲ್ವಾ?

ಆಮೇಲೆ ಒಂದೊಂದೇ ಪದಾರ್ಥ ಸೇರಿಸುತ್ತಾ ಹೋದೆ. ಹೊಸದು ತಿಂದರೆ ಎರಡು ಮೂರು ದಿನ ಬೇರೆ ಹೊಸದು ಮುಟ್ಟುತ್ತಿರಲಿಲ್ಲ. ಏನು ತಿಂದೆ, ಎಷ್ಟು ಹೊತ್ತಿಗೆ ಹೋದೆ, ನೀರಾಗಿತ್ತಾ, ಪೇಸ್ಟಿನ ಹಾಗಿತ್ತಾ, ಗಟ್ಟಿಯಿತ್ತಾ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಓದೋಕೆ ಅಸಹ್ಯ ಅನ್ನಿಸಬಹುದು, ಆದರೆ ನನಗೆ ದಾರಿ ತೋರಿಸಿದ್ದೇ ಆ ನೋಟ್‌ಬುಕ್. ನಾನು ಹಣ್ಣಿನ ಮೇಲೆ ಅನುಮಾನ ಪಡುತ್ತಿದ್ದೆ, ಪುಟ ತಿರುವಿದರೆ ಭೇದಿಯಾದ ದಿನಗಳೆಲ್ಲ ಎಣ್ಣೆ, ಬೆಣ್ಣೆ ಜಾಸ್ತಿ ತಿಂದ ದಿನಗಳು. ಹಳದಿ ನೀರು, ಹೋದ ಮೇಲೆ ಉರಿ. ಎಣ್ಣೆ, ಬೆಣ್ಣೆ ಜೀರ್ಣವಾಗಲು ಬರುವ ಪಿತ್ತರಸದ ಲವಣಗಳನ್ನು ದೇಹ ವಾಪಸ್ ಎಳೆದುಕೊಳ್ಳುವುದು ಸಣ್ಣ ಕರುಳಿನ ತುದಿಯಲ್ಲಿ. ಆ ತುದಿಯೇ ಇಲ್ಲದಿದ್ದರೆ ಅವು ದೊಡ್ಡ ಕರುಳಿಗೆ ಇಳಿದು ನೀರು ಸುರಿಸುತ್ತವೆ. ಡಾಕ್ಟರ್ ಬರೆದದ್ದನ್ನೆಲ್ಲ ನೋಡಿ ಪಿತ್ತವನ್ನು ಹಿಡಿದಿಡುವ ಪುಡಿ ಕೊಟ್ಟರು. ಇದು ಬೇರೆ ಔಷಧಿಗಳನ್ನೂ ಹಿಡಿದುಬಿಡುತ್ತದೆ. ಹಾಗಾಗಿ ಉಳಿದ ಮಾತ್ರೆಗಳನ್ನು 1 ಗಂಟೆ ಮೊದಲು, ಇಲ್ಲವೇ 4-6 ಗಂಟೆ ಬಿಟ್ಟು ತೆಗೆದುಕೊಳ್ಳಬೇಕು.

ಭೇದಿ ಜಾಸ್ತಿಯಾದಾಗ ಬರೀ ನೀರಿಗಿಂತ ಓಆರ್‌ಎಸ್ ಒಳ್ಳೆಯದು. ಉರಿಗೆ ಒರೆಸುವ ಬದಲು ತೊಳೆದು, ಒತ್ತಿ ಒಣಗಿಸಿ, ಜಿಂಕ್ ಕ್ರೀಮ್ ಹಚ್ಚಿ. ಇನ್ನೊಂದು, ವಿಟಮಿನ್ ಬಿ12 ದೇಹಕ್ಕೆ ಸೇರುವುದೂ ಅದೇ ತುದಿಯಲ್ಲಿ. ನನ್ನ ಹಾಗೆ ಆ ಭಾಗ ಹೋಗಿದ್ದರೆ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ನೀವೇ ಕೇಳಿ.