ಹೊಸ ಕೆಲಸ ಕಲೀತಿದ್ದೀರಾ? ಇಂಗ್ಲಿಷಿನಲ್ಲಿ ಹೀಗೆ ಹೇಳಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಆಗಷ್ಟೇ ಕೆಲಸಕ್ಕೆ ಸೇರಿದವರು. ಕೆಲಸ ಹೇಗಿದೆ ಅಂತ ಮ್ಯಾನೇಜರ್ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಐ ಆ್ಯಮ್ ಲರ್ನಿಂಗ್, ಸರ್.’ ತಪ್ಪೇನಿಲ್ಲ. ಆದರೆ ಎಷ್ಟು ಕಲಿತಿರಿ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ನುಡಿಗಟ್ಟು ಆರಿಸೋ ಮೊದಲು ನೀವು ಯಾವ ಹಂತದಲ್ಲಿದ್ದೀರಿ ಅಂತ ನೋಡಿಕೊಳ್ಳಿ.

ಯಾವ ಫೈಲ್ ಎಲ್ಲಿದೆ, ಯಾರ ಸಹಿ ಬೇಕು ಅಂತ ಇನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದರೆ ‘ಐ ಆ್ಯಮ್ ಸ್ಟಿಲ್ ಲರ್ನಿಂಗ್ ದ ರೋಪ್ಸ್’ ಅನ್ನಿ. ಇದು ಹಾಯಿಹಡಗಿನ ಕಾಲದ ಮಾತು ಅಂತಾರೆ. ಹಾಯಿ ಏರಿಸೋಕೆ ಒಂದು ಹಗ್ಗ, ತಿರುಗಿಸೋಕೆ ಇನ್ನೊಂದು. ಹೊಸ ನಾವಿಕ ಅಷ್ಟನ್ನೂ ಗುರುತಿಟ್ಟುಕೊಳ್ಳಬೇಕಿತ್ತು. ಅದಕ್ಕೇ ‘ರೋಪ್’ ಅಲ್ಲ, ‘ರೋಪ್ಸ್’. ಕಲಿಸಿದ ಸೀನಿಯರ್ ಬಗ್ಗೆ ಹೇಳುವಾಗ ‘ಶಿ ಶೋಡ್ ಮಿ ದ ರೋಪ್ಸ್’ ಅಂದರಾಯ್ತು.

ಕೈ ಕುದುರತೊಡಗಿದರೆ ‘ಗೆಟ್ ದ ಹ್ಯಾಂಗ್ ಆಫ್’ (get the hang of). ನಮ್ಮವರು ಜಾಸ್ತಿ ಎಡವೋದು ಇಲ್ಲೇ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿರುವ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ‘ಐ ಗಾಟ್ ದ ಹ್ಯಾಂಗ್ ಆಫ್ ಟು ಯೂಸ್ ಟ್ಯಾಲಿ’ ಅಂತ ಬರೆದಳು. ಟ್ಯಾಲಿ ಅಂದರೆ ಬಿಲ್, ಲೆಕ್ಕಪತ್ರದ ಸಾಫ್ಟ್‌ವೇರ್. ‘ಆಫ್’ ಆದಮೇಲೆ ‘ಟು’ ಬರಲ್ಲ. ‘ಹ್ಯಾಂಗ್ ಆಫ್ ಯೂಸಿಂಗ್ ಟ್ಯಾಲಿ’, ಇಲ್ಲವೇ ಸುಮ್ನೆ ‘ಹ್ಯಾಂಗ್ ಆಫ್ ಟ್ಯಾಲಿ’. ಬಿಲ್ ಮಾಡೋದು ಬರುತ್ತೆ, ರಿಟರ್ನ್ ಎಂಟ್ರಿಗೆ ಇನ್ನೂ ಪಕ್ಕದವರನ್ನು ಕೇಳಬೇಕು ಅಂದಳು. ಹಾಗಾದರೆ ‘ಐ ಆ್ಯಮ್ ಗೆಟಿಂಗ್ ದ ಹ್ಯಾಂಗ್ ಆಫ್ ಇಟ್’ ಅನ್ನೋದೇ ಸರಿ. ಯಾರನ್ನೂ ಕೇಳದೆ ಮಾಡೋಕೆ ಬಂದಾಗ ‘ಐ ಹ್ಯಾವ್ ಗಾಟ್ ದ ಹ್ಯಾಂಗ್ ಆಫ್ ಇಟ್’. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ. ಅದು ವ್ಯಾಕರಣ ಮಾತ್ರ ಅಲ್ಲ, ನಿಮ್ಮ ಕೆಲಸದ ಲೆಕ್ಕ.

‘ಫೈಂಡ್ ಮೈ ಫೀಟ್’ ಹೊಸ ಊರು, ಹೊಸ ಆಫೀಸಿನಲ್ಲಿ ಕಾಲೂರುವುದಕ್ಕೆ. ‘ಬ್ರಷ್ ಅಪ್ ಆನ್’ ಮೊದಲೇ ಕಲಿತು ಮರೆತದ್ದಕ್ಕೆ ಮಾತ್ರ. ಹೊಸದಾಗಿ ಕಲಿಯೋದಕ್ಕೆ ಬಳಸಬೇಡಿ.

ಇಂಟರ್‌ವ್ಯೂನಲ್ಲಿ ಶುರುವಿನ ಅನುಭವ ಹೇಳೋಕೆ ‘ಐ ಕಟ್ ಮೈ ಟೀತ್ ಇನ್ ಎ ಸ್ಮಾಲ್ ಶಾಪ್’ ಚೆನ್ನಾಗಿರುತ್ತೆ. ಚಿಕ್ಕ ಅಂಗಡಿ ಅಂತ ಮುಚ್ಚಿಡಬೇಡಿ, ಅಲ್ಲಿ ಏನೇನು ಮಾಡಿದಿರಿ ಅನ್ನೋದನ್ನು ಮುಂದಿನ ವಾಕ್ಯದಲ್ಲೇ ಹೇಳಿ.